ಮಾತ್ರೆ ಬಿಸಾಡಿ ಎಂದ ಫಾರ್ವರ್ಡ್

ಮಡಿಕೇರಿಯ ನಮ್ಮ ಹೈಸ್ಕೂಲು ಬ್ಯಾಚಿನ ಗುಂಪಿನಲ್ಲಿ ಸಾಮಾನ್ಯವಾಗಿ ಕಾಫಿ ದರ, ತೋಟಕ್ಕೆ ಆನೆ ನುಗ್ಗಿದ ಸುದ್ದಿ, ಯಾರ ಮನೆಯಲ್ಲಿ ಎಷ್ಟು ಇಂಚು ಮಳೆ ಎಂಬ ಪೈಪೋಟಿ. ಮೊನ್ನೆ ಭಾನುವಾರ ಮಾತ್ರ ಬೇರೆಯೇ ಆಯಿತು.

ಬೋಪಣ್ಣ: (ಫಾರ್ವರ್ಡ್) ಖಿನ್ನತೆಯ ಮಾತ್ರೆ ನುಂಗುವವರೇ ಎಚ್ಚರ! ಗಂಡಸುತನ ಶಾಶ್ವತವಾಗಿ ಹೋಗುತ್ತದೆ. ಇಂದೇ ಬಿಸಾಡಿ. ಅಶ್ವಗಂಧ ಸಾಕು. ಹತ್ತು ಮಂದಿಗೆ ಕಳುಹಿಸಿ.

ಲೋಕೇಶ: ಶುದ್ಧ ಸುಳ್ಳು. ಅಡ್ಮಿನ್ ಅಳಿಸಲಿ.

ರಶೀದ್: ಪೂರ್ತಿ ಸುಳ್ಳಲ್ಲ. ಔಷಧಿ ಅಂಗಡಿಯಲ್ಲಿ ಕುಳಿತು ದಿನಾ ನೋಡುತ್ತೇನೆ. ಎಸ್ಸಿಟಾಲೊಪ್ರಾಮ್, ಸರ್ಟ್ರಲಿನ್, ಪರಾಕ್ಸೆಟಿನ್ ಎಲ್ಲವೂ ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚಿಸುವ ಖಿನ್ನತೆಯ ಮಾತ್ರೆಗಳು. ಆಸೆ ಕುಗ್ಗುವುದು, ಸ್ಖಲನ ತಡವಾಗುವುದು ಇವುಗಳ ಮಾಮೂಲು ಅಡ್ಡಪರಿಣಾಮ. ಅದೇ ಜಾತಿಯ ಡಪಾಕ್ಸೆಟಿನ್ ಅನ್ನು ಶೀಘ್ರಸ್ಖಲನಕ್ಕೆ ಮದ್ದಾಗಿಯೇ ಕೊಡುತ್ತಾರೆ.

ಗಣಪತಿ: ಹೆಣ್ಣುಮಕ್ಕಳಿರುವ ಗುಂಪು ಮಾರಾಯ. ಸ್ವಲ್ಪ ಮರ್ಯಾದೆ ಇರಲಿ.

ಸವಿತಾ: ಹೆಣ್ಣುಮಕ್ಕಳಿಗೂ ಆಗುತ್ತದೆ ಗಣಪತಿ. ಆಸೆ ಬತ್ತುತ್ತದೆ, ಸುಖದ ತುದಿ ಮುಟ್ಟುವುದಿಲ್ಲ, ಕೆಲವರಿಗೆ ಸ್ಪರ್ಶವೇ ಮರಗಟ್ಟಿದ ಹಾಗೆ. ಗಂಡಸರಾದರೂ ಆಸ್ಪತ್ರೆಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು ‘ಇನ್ನೊಂದು ವಿಷಯ ಸಿಸ್ಟರ್’ ಎನ್ನುತ್ತಾರೆ. ಹೆಂಗಸರು ಅಷ್ಟನ್ನೂ ಹೇಳದೆ ಮಾತ್ರೆ ನಿಲ್ಲಿಸಿಬಿಡುತ್ತಾರೆ.

ಬೋಪಣ್ಣ: ಹಾಗಾದರೆ ನಾನು ಹಾಕಿದ್ದು ಸರಿಯಲ್ಲವೇ?

ಸವಿತಾ: ತೊಂದರೆ ನಿಜ, ನೀನು ಹೇಳಿದ ಪರಿಹಾರ ಅಪಾಯ. ಖಿನ್ನತೆಯೂ ಆಸೆಯನ್ನು ಕೊಲ್ಲುತ್ತದೆ. ಮಾತ್ರೆಗೆ ಮೊದಲು ಹೇಗಿತ್ತು ಎಂದು ಕೇಳದೆ ತಪ್ಪು ಯಾವುದರದ್ದು ಎನ್ನಲಾಗದು. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆ, ಕುಡಿತ ಕೂಡ ಕಾರಣವಿರಬಹುದು.

(ಕುಡಿತದ ಹೆಸರೆತ್ತಿದ್ದಕ್ಕೆ ಯಾರೂ ಉತ್ತರಿಸಲಿಲ್ಲ. ಕೊಡಗಿನ ಗುಂಪಲ್ಲವೇ.)

ಲೋಕೇಶ: ‘ಶಾಶ್ವತ’ ಎನ್ನುವುದಾದರೂ ಸುಳ್ಳು ತಾನೇ?

ರಶೀದ್: ಹೆಚ್ಚಿನವರಿಗೆ ಪ್ರಮಾಣ ಇಳಿಸಿದರೆ, ಮಾತ್ರೆ ಬದಲಿಸಿದರೆ ಸರಿಹೋಗುತ್ತದೆ. ನಿಲ್ಲಿಸಿದ ಮೇಲೂ ತೊಂದರೆ ಉಳಿದವರಿದ್ದಾರೆ. 2019ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಅದನ್ನು ಮಾತ್ರೆಯ ಮಾಹಿತಿ ಹಾಳೆಯಲ್ಲಿ ಸೇರಿಸಬೇಕೆಂದಿತು. ಆದ್ದರಿಂದ ಸುಳ್ಳೆಂದು ತಳ್ಳಿಹಾಕಬೇಡ.

ಪೊನ್ನಮ್ಮ: ಯಜಮಾನರನ್ನು ಕೇಳಿಯೇ ಬರೆಯುತ್ತಿದ್ದೇನೆ. 2018ರ ಭೂಕುಸಿತದಲ್ಲಿ ತೋಟ ಹೋದ ಮೇಲೆ ಅವರು ಮಾತ್ರೆ ಶುರು ಮಾಡಿದರು. ಇಂಥದ್ದೇ ಸಂದೇಶ ಓದಿ ಏಕಾಏಕಿ ನಿಲ್ಲಿಸಿದರು. ಎರಡು ಮೂರು ದಿನಕ್ಕೇ ತಲೆಯೊಳಗೆ ಕರೆಂಟು ಹೊಡೆದಂತಾಯಿತು. ಕಣ್ಣು ಹೊರಳಿಸಿದರೆ ತಲೆಸುತ್ತು. ಕಣದಲ್ಲಿ ಕಾಫಿ ಕೆದಕುತ್ತಿದ್ದವರು ಹಾಗೆಯೇ ಕಾಫಿಯ ಮೇಲೆ ಕುಳಿತುಬಿಟ್ಟರು. ಡಾಕ್ಟರು ಅದೇ ಮಾತ್ರೆ ಮತ್ತೆ ಕೊಟ್ಟು, ನಿಧಾನವಾಗಿ ಇಳಿಸಿ, ಮಿರ್ಟಾಜಪಿನ್ ಎಂಬ ಬೇರೆ ಖಿನ್ನತೆಯ ಮಾತ್ರೆಗೆ ಬದಲಿಸಿದರು. ಈಗ ನಿದ್ದೆ ಚೆನ್ನಾಗಿದೆ, ಹೊಟ್ಟೆಯೂ ಬಂದಿದೆ. ಉಳಿದದ್ದನ್ನು ಗುಂಪಿನಲ್ಲಿ ಹೇಳುವುದಿಲ್ಲ.

ಗಣಪತಿ: ರಶೀದ್, ಆ ಮಾತ್ರೆ ನಿನ್ನ ಅಂಗಡಿಯಲ್ಲಿ ಸಿಗುತ್ತದೆಯೇ? ಸ್ನೇಹಿತನೊಬ್ಬನಿಗೆ.

ರಶೀದ್: ಚೀಟಿ ಇಲ್ಲದೆ ಕೊಡುವುದಿಲ್ಲ. ಬ್ಯುಪ್ರೊಪಿಯಾನ್ ಎಂಬ ಇನ್ನೊಂದು ಖಿನ್ನತೆಯ ಮಾತ್ರೆಯಲ್ಲಿಯೂ ಈ ತೊಂದರೆ ಕಡಿಮೆ, ಆದರೆ ಫಿಟ್ಸ್ ಇರುವವರಿಗೆ ಅದು ಆಗದು. ನಿಮಿರುವಿಕೆಗೆಂದು ಸಿಲ್ಡೆನಾಫಿಲ್ (ವಯಾಗ್ರ) ಕೇಳಿಕೊಂಡು ಬರುವವರೂ ಇದ್ದಾರೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ಇಟ್ಟುಕೊಳ್ಳುವವರು ಸಿಲ್ಡೆನಾಫಿಲ್ ನುಂಗಿದರೆ ಬಿ.ಪಿ. ಕುಸಿದು ಪ್ರಾಣಕ್ಕೇ ಬರುತ್ತದೆ. ಸ್ನೇಹಿತನಿಗೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಲು ಹೇಳು.

ಬೋಪಣ್ಣ: ಅಶ್ವಗಂಧದ ಸಾಲನ್ನಾದರೂ ಉಳಿಸಿಕೊಳ್ಳಲೇ?

ಸವಿತಾ: ಬೇಡ. ಪೂರ್ತಿ ಅಳಿಸು.

ಬೋಪಣ್ಣ: ಅಳಿಸಿದೆ. ಆದರೆ ನಮ್ಮ ಕುಟುಂಬದ ಗುಂಪಿಗೂ ಹಾಕಿದ್ದೇನೆ. ಅಲ್ಲಿ ಅತ್ತೆ ಆಗಲೇ ಕೈಮುಗಿದಿದ್ದಾರೆ.

ಲೋಕೇಶ: ಅಲ್ಲಿಗೆ ರಶೀದನನ್ನು ಸೇರಿಸು.