ದೊಡ್ಡಮ್ಮನ ಕಾಫಿಯ ಲೆಕ್ಕ

ಮೂಡಿಗೆರೆ ಚಿಕ್ಕಪ್ಪ: ಮೇಲೆ ಕಳಿಸಿರುವ ಸಂದೇಶವನ್ನು ಎಲ್ಲರೂ ಓದಿ. ದಿನಕ್ಕೆ ಐದು ಲೋಟ ಕಾಫಿ ಕುಡಿದರೆ ಪಾರ್ಕಿನ್ಸನ್ ಕಾಯಿಲೆ ವಾಸಿಯಾಗುತ್ತದೆಂದು ಅಮೆರಿಕದವರೇ ಕಂಡುಹಿಡಿದಿದ್ದಾರೆ. ಸ್ವಂತ ಕಾಫಿ ತೋಟವಿರುವ ಮನೆಯಲ್ಲಿ, ಅದೇ ಕಾಯಿಲೆಯಿರುವ ಅತ್ತಿಗೆಯವರಿಗೆ ಎರಡೇ ಲೋಟ ಕೊಡುವುದು ಯಾವ ನ್ಯಾಯ?

ನಾನು: ಚಿಕ್ಕಪ್ಪ, ಆ ಸಂದೇಶದ ಬೇರಿನಲ್ಲಿ ನಿಜವಾದ ಅಧ್ಯಯನವೊಂದಿದೆ, ಆದರೆ ಅದು ಹೇಳಿದ್ದು ಬೇರೆ. ಹವಾಯಿಯಲ್ಲಿದ್ದ ಜಪಾನಿ ಮೂಲದ 8,004 ಗಂಡಸರನ್ನು ದಶಕಗಳ ಕಾಲ ಗಮನಿಸಿ 2000ರಲ್ಲಿ ಪ್ರಕಟಿಸಿದ ಆ ವರದಿಯ ಪ್ರಕಾರ, ಕಾಫಿಯನ್ನೇ ಮುಟ್ಟದವರಲ್ಲಿ ಈ ಕಾಯಿಲೆ ಕಾಣಿಸಿಕೊಂಡ ಪ್ರಮಾಣವು ಅತಿ ಹೆಚ್ಚು ಕುಡಿಯುತ್ತಿದ್ದವರಿಗಿಂತ ಸುಮಾರು ಐದು ಪಟ್ಟು ಇತ್ತು. (ಐದು ಪಟ್ಟು ಹೋಗಿ ಐದು ಲೋಟ ಆಗಿರಬೇಕು.) ಬಂದ ಕಾಯಿಲೆ ಹೋಯಿತೆಂದು ಅದರಲ್ಲಿಲ್ಲ. 121 ರೋಗಿಗಳಲ್ಲಿ ಕೆಲವರಿಗೆ ಕಾಫಿಯಲ್ಲಿರುವ ಕೆಫೀನ್, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂದಾಗ, ಕೆಫೀನ್‌ನಿಂದ ಕೈಕಾಲಿನ ಚಲನೆಯೇನೂ ಸುಧಾರಿಸಿರಲಿಲ್ಲ.

ಹಾಸನದ ಅತ್ತೆ: ಹಾಗಾದರೆ ಕುಡಿಯದವರಲ್ಲೇ ಹೆಚ್ಚಾಗಿ ಕಂಡದ್ದೇಕೆ? ಕಾಫಿ ಬೇಡವೆಂದರೆ ನಸುಗುನ್ನಿ ಬೀಜದ ಪುಡಿಯನ್ನಾದರೂ ಕೊಡಬಹುದಲ್ಲ, ಅದು ನಮ್ಮ ಹಳೆಯ ಔಷಧಿ.

ನಾನು: ಕೆಫೀನ್ ಮಿದುಳಿನ ಕೋಶಗಳನ್ನು ಕಾಯುತ್ತಿರಲೂಬಹುದು, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದರ ಸೂಚನೆಯಿದೆ. ಆದರೆ ನಡುಕ ಶುರುವಾಗುವುದಕ್ಕೆ ವರ್ಷಗಳ ಮೊದಲೇ ವಾಸನೆ ತಿಳಿಯದಿರುವುದು, ಮಲಬದ್ಧತೆ ಮುಂತಾದವು ಬರುವ ಕಾಯಿಲೆಯಿದು, ಆದ್ದರಿಂದ ಅಂಥವರಿಗೆ ಕಾಫಿಯ ರುಚಿಯೇ ಮೊದಲು ಹೋಗಿತ್ತೇ ಎಂಬ ಅನುಮಾನವನ್ನು ತಳ್ಳಿಹಾಕುವಂತಿಲ್ಲ. ನಸುಗುನ್ನಿಯ ವಿಷಯದಲ್ಲಿ ನನಗೆ ಭಯವಿರುವುದು ಅದು ಕೆಲಸ ಮಾಡುವುದಿಲ್ಲವೆಂದಲ್ಲ, ಮಾಡುತ್ತದೆಂದು. ಈ ಕಾಯಿಲೆಗೆಂದು ದೊಡ್ಡಮ್ಮ ನುಂಗುವ ಮಾತ್ರೆಯಲ್ಲಿರುವ ಲೆವೊಡೋಪಾ ಎಂಬ ಔಷಧವೇ ಆ ಬೀಜದಲ್ಲೂ ಇದೆ, ಒಂದು ಚಮಚ ಪುಡಿಯಲ್ಲಿ ಎಷ್ಟೆಂದು ಮಾತ್ರ ಗ್ರಂಥಿಗೆ ಅಂಗಡಿಯವರು ಹೇಳಲಾರರು. ಮಾತ್ರೆಯ ಮೇಲೆ ಅದೂ ಸೇರಿದರೆ ವಾಕರಿಕೆ, ರಕ್ತದೊತ್ತಡದ ಕುಸಿತ, ಕೈಕಾಲು ತಾವಾಗಿಯೇ ತಿರುಚಿಕೊಳ್ಳುವುದು, ಇಲ್ಲದ್ದು ಕಣ್ಣಿಗೆ ಕಾಣುವುದು ಎಲ್ಲವೂ ಆಗಬಹುದು.

ಆಹಾರದಲ್ಲಿ ನಿಜವಾಗಿ ನೋಡಬೇಕಾದದ್ದು ಕಾಫಿಯನ್ನಲ್ಲ, ಅದರೊಳಗಿನ ಹಾಲನ್ನು. ಲೆವೊಡೋಪಾ ಕರುಳಿನಿಂದ ರಕ್ತಕ್ಕೂ ಅಲ್ಲಿಂದ ಮಿದುಳಿಗೂ ಹೋಗುವ ದಾರಿಯಲ್ಲೇ ಪ್ರೋಟೀನಿನ ಅಂಶಗಳೂ ಹೋಗುವುದರಿಂದ, ಹಾಲು, ಮೊಟ್ಟೆ, ಅವರೆಕಾಳಿನ ಸಾರುಗಳೊಂದಿಗೆ ನುಂಗಿದ ಮಾತ್ರೆ ಕೆಲವರಲ್ಲಿ ತಡವಾಗಿ, ಅರ್ಧಂಬರ್ಧ ಕೆಲಸ ಮಾಡುತ್ತದೆ. ವೈದ್ಯರು ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ನೀರಿನೊಂದಿಗೆ ಕೊಡಿ ಎನ್ನುವುದು ಇದಕ್ಕಾಗಿಯೇ.

ಮೂಡಿಗೆರೆ ಚಿಕ್ಕಪ್ಪ: ಹಾಲಿಲ್ಲದ ಕಾಫಿಯನ್ನು ಅತ್ತಿಗೆಯವರು ಮೂಸಿಯೂ ನೋಡುವುದಿಲ್ಲ.

ತೋಟದ ಮನೆ ಅಣ್ಣ: ಎರಡು ಲೋಟದ ಮಿತಿ ನನ್ನದಲ್ಲ, ಚಿಕ್ಕಪ್ಪ, ಸಂಜೆ ಕುಡಿದರೆ ರಾತ್ರಿ ನಿದ್ದೆ ಬರುವುದಿಲ್ಲವೆಂದು ಅಮ್ಮನೇ ಬಿಟ್ಟಿದ್ದಾರೆ. ಮಾತ್ರೆಯ ಹೊತ್ತಿನ ವಿಷಯವನ್ನು ಮಂಗಳವಾರ ನರರೋಗ ತಜ್ಞರನ್ನೇ ಕೇಳುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಯಾರೂ ಪುಡಿ ಕಳಿಸಬೇಡಿ.