ಮನೆ ಲ್ಯಾಂಡ್‌ಲೈನ್ ಬಿಲ್‌ನಲ್ಲಿ ಯಾರೂ ಮಾಡದ ಐಎಸ್‌ಡಿ ಕಾಲ್‌ಗಳು, ಪತ್ತೆ ಹಚ್ಚುವುದು ಹೇಗೆ?

ಸರಸ್ವತಿಪುರಂ_ಮನೆ:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ. ಹಳೇ ಲ್ಯಾಂಡ್‌ಲೈನ್ ನಂಬರ್ ಹಾಗೇ ಉಳಿಸಿಕೊಂಡು ಫೈಬರ್‌ಗೆ ಬದಲಾಯಿಸಿದ್ದೇವೆ. ಪ್ರತಿ ತಿಂಗಳು ಬಿಲ್ಲು ಆರುನೂರರ ಆಸುಪಾಸು ಬರುತ್ತಿತ್ತು. ಈ ಸಲ 2,340 ರೂಪಾಯಿ! ಬಾಡಿಗೆ, ತೆರಿಗೆ ಬಿಟ್ಟರೆ ಉಳಿದದ್ದೆಲ್ಲ ಐಎಸ್‌ಡಿ (ಹೊರದೇಶದ ಕಾಲ್) ಮತ್ತು ಪ್ರೀಮಿಯಂ ಕಾಲ್ ಅಂತ ಒಂದೇ ಸಾಲಿನಲ್ಲಿ ಹಾಕಿದ್ದಾರೆ.

ಅಕ್ಕ ದೋಹಾಕ್ಕೆ ಹೋದಾಗ ಐಎಸ್‌ಡಿ ಹಾಕಿಸಿದ್ದು ನಿಜ, ಆದರೆ ಈಗ ಅವಳ ಜೊತೆ ವಾಟ್ಸಾಪ್‌ನಲ್ಲೇ ಮಾತು. ಅಪ್ಪ ಫೋನ್ ಮಾಡುವುದು ಮಂಡ್ಯದ ಅತ್ತೆಗೆ, ಮೆಡಿಕಲ್ ಸ್ಟೋರ್‌ಗೆ, ಮಂಡಿನೋವಿಗೆ ಮನೆಗೆ ಬಂದು ವ್ಯಾಯಾಮ ಮಾಡಿಸುವ ಹುಡುಗನಿಗೆ, ಅಷ್ಟೇ. ಕಸ್ಟಮರ್ ಕೇರ್‌ನವರು "ನಿಮ್ಮ ಲೈನಿನಿಂದಲೇ ಹೋಗಿದೆ, ಕಟ್ಟಲೇಬೇಕು" ಅಂತ ಹೇಳಿ ಇಟ್ಟುಬಿಟ್ಟರು.

ದುಡ್ಡಿಗಿಂತ ಜಾಸ್ತಿ ಬೇಜಾರಾಗಿರುವುದು ಬೇರೆ ವಿಷಯಕ್ಕೆ. ಮನೆಗೆಲಸಕ್ಕೆ ಬರುವ ಹುಡುಗಿಯೇ ಮಾಡಿರಬೇಕು ಅಂತ ಅಮ್ಮನಿಗೆ ಅನುಮಾನ ಬಂದಿದೆ. ಅವಳು ವರ್ಷಗಳಿಂದ ನಮ್ಮ ಮನೆಗೆ ಬರುತ್ತಿದ್ದಾಳೆ, ಒಂದು ಚಮಚ ಆಚೀಚೆ ಆಗಿಲ್ಲ. ಆಧಾರ ಇಲ್ಲದೆ ಅವಳನ್ನು ಕೇಳುವುದು ನನಗೆ ಇಷ್ಟವಿಲ್ಲ. ಯಾರು, ಯಾವಾಗ, ಎಲ್ಲಿಗೆ ಮಾಡಿದರು ಅಂತ ತಿಳಿಯುವುದು ಹೇಗೆ? ಮುಂದೆ ಹೀಗಾಗದ ಹಾಗೆ ಏನು ಮಾಡಬೇಕು?

ಹಳೇ_ಎಕ್ಸ್‌ಚೇಂಜ್ (ಮಂಡ್ಯ):

ಮೊದಲು ಆ ಹುಡುಗಿಯನ್ನು ಏನೂ ಕೇಳಬೇಡಿ. ನಾನು ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಇಂಥ ಬಿಲ್ಲು ಬಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಮನೆಗೆಲಸದವರ ಮೇಲೆ, ಇಲ್ಲವೇ ಓದುವ ಮಕ್ಕಳ ಮೇಲೆ. ವಿವರ ನೋಡಿದ ಮೇಲೆ ಅದು ಬಹಳ ಸಲ ಸುಳ್ಳಾಗಿದೆ.

ಮಾಡಬೇಕಾದ್ದು ಒಂದೇ ಕೆಲಸ. ಕಾಲ್‌ವಾರು ವಿವರ ಇರುವ ಬಿಲ್ ಕೇಳಿ. ಬರೀ ಮೊತ್ತ ಇರುವ ಹಾಳೆ ಇಟ್ಟುಕೊಂಡು ಯಾರೂ ಏನೂ ಪತ್ತೆ ಹಚ್ಚಲಾಗುವುದಿಲ್ಲ. ಪ್ರತಿ ಕಾಲ್‌ನ ತಾರೀಖು, ಹೊತ್ತು, ಒತ್ತಿದ ಪೂರ್ತಿ ನಂಬರ್, ಎಷ್ಟು ಸೆಕೆಂಡ್ ಮಾತು, ಎಷ್ಟು ದುಡ್ಡು, ಇವೆಲ್ಲ ಅದರಲ್ಲಿ ಇರಬೇಕು. ಕೈಗೆ ಬಂದ ಮೇಲೆ ಗೋಡೆ ಕ್ಯಾಲೆಂಡರ್ ಪಕ್ಕ ಇಟ್ಟುಕೊಂಡು ಅಪ್ಪನ ಜೊತೆ ಕೂತು ನೋಡಿ. ಆ ಹೊತ್ತಿಗೆ ಮನೆಯಲ್ಲಿ ಯಾರಿದ್ದರು? ಮನೆಗೆ ಬೀಗ ಹಾಕಿದ್ದ ದಿನ ಕಾಲ್ ಹೋಗಿದೆಯಾ?

ನಂಬರ್‌ನ ಮೊದಲ ಅಂಕಿಗಳನ್ನು ಚೆನ್ನಾಗಿ ನೋಡಿ. 1800 ಇದ್ದರೆ ಪುಕ್ಕಟೆ. 1860 ಪುಕ್ಕಟೆ ಅಲ್ಲ. ಬ್ಯಾಂಕ್‌ಗಳ ಎಷ್ಟೋ ನಂಬರುಗಳು 1860ರಲ್ಲೇ ಇವೆ, ಲೈನಿನಲ್ಲಿ ಕಾಯಿಸಿದಷ್ಟು ಹೊತ್ತೂ ಮೀಟರ್ ಓಡುತ್ತದೆ. 1900 ಅಂತ ಇದ್ದರೆ ಅದು ನಮ್ಮ ದೇಶದೊಳಗಿನ ಪ್ರೀಮಿಯಂ ನಂಬರ್, ಮಾಮೂಲಿ ಕಾಲ್‌ಗಿಂತ ದುಬಾರಿ. 00ಯಿಂದ ಶುರುವಾದರೆ ಹೊರದೇಶ. ಅದರಲ್ಲೂ 00979 ಅಂದರೆ ಅದು ಯಾವ ದೇಶದ ಕೋಡೂ ಅಲ್ಲ, ಅಂತರರಾಷ್ಟ್ರೀಯ ಪ್ರೀಮಿಯಂ ಸೇವೆಗೇ ಅಂತ ಇಟ್ಟಿರುವುದು. 00881, 00870 ಬಂದರೆ ಉಪಗ್ರಹ ಫೋನು, ನಿಮಿಷದ ದರ ಕೇಳಿದರೆ ಗಾಬರಿಯಾಗುತ್ತದೆ.

ಫೈಬರ್_ಹುಡುಗ:

ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಿಮ್ಮದು ಫೈಬರ್ ಆದ್ದರಿಂದ ಇನ್ನೊಂದು ಸಾಧ್ಯತೆ ಇದೆ. ಈಗ ಫೋನಿನ ವೈರು ಹೋಗುವುದು ಗೋಡೆ ಮೇಲಿನ ಫೈಬರ್ ಮೋಡೆಮ್‌ಗೆ. ನಿಮ್ಮ ನಂಬರ್ ಆ ಡಬ್ಬದೊಳಗೆ ಒಂದು ಲಾಗಿನ್, ಒಂದು ಪಾಸ್‌ವರ್ಡ್ ಆಗಿ ಕೂತಿರುತ್ತದೆ. ಹಾಕಿದವರು ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಬಿಟ್ಟು ಹೋಗಿ, ಹೊರಗಿನಿಂದ ಲಾಗಿನ್ ಆಗುವ ದಾರಿಯೂ ತೆರೆದಿದ್ದರೆ, ಎಲ್ಲೋ ಕೂತವರು ಒಳಗೆ ನುಗ್ಗಿ ನಿಮ್ಮ ನಂಬರ್‌ನಿಂದ ಕಾಲ್ ಮಾಡಬಹುದು. ಸುಮ್ನೆ ಮಜಾಕ್ಕೆ ಮಾಡುವುದಲ್ಲ ಇದು. ದುಬಾರಿ ನಂಬರುಗಳನ್ನು ಬಾಡಿಗೆಗೆ ಹಿಡಿದವರು ಇರುತ್ತಾರೆ, ಆ ನಂಬರ್‌ಗೆ ಬಂದ ಪ್ರತಿ ನಿಮಿಷದ ದುಡ್ಡಿನಲ್ಲಿ ಅವರಿಗೆ ಪಾಲು ಸಿಗುತ್ತದೆ.

ಇದಕ್ಕೆ ಗುರುತು ಇದೆ. ಕಾಲ್‌ಗಳು ರಾತ್ರಿ ಒಂದು, ಎರಡು, ಮೂರು ಗಂಟೆಗೆ ಸಾಲಾಗಿ ಇರುತ್ತವೆ. ಒಂದು ಕಾಲ್ ಮುಗಿಯುವ ಮುಂಚೆಯೇ ಇನ್ನೊಂದು ಶುರುವಾಗಿದ್ದರಂತೂ ಬೇರೆ ಸಾಕ್ಷಿ ಬೇಡ, ಅಪ್ಪ ಒಂದು ರಿಸೀವರ್ ಹಿಡಿದು ಒಂದೇ ಹೊತ್ತಿಗೆ ಎರಡು ದೇಶಕ್ಕೆ ಮಾತಾಡಲು ಆಗುತ್ತಾ? ಹಾಗಿದ್ದರೆ ಆ ಸಾಲುಗಳಿಗೆ ಗೆರೆ ಎಳೆದು ದೂರಿನ ಜೊತೆ ಕೊಡಿ. ಹೇಗೂ ಮೋಡೆಮ್ ಪಾಸ್‌ವರ್ಡ್ ಇವತ್ತೇ ಬದಲಾಯಿಸಿ, ಹೊರಗಿನಿಂದ ಲಾಗಿನ್ ಆಗುವುದನ್ನು ನಿಲ್ಲಿಸಿ ಅಂತ ಫೈಬರ್ ಹಾಕಿದವರಿಗೆ ಹೇಳಿ.

ಡಯಲ್‌ಅಪ್ ಕಾಲದಲ್ಲಿ ಕಂಪ್ಯೂಟರ್ ತಾನೇ ದುಬಾರಿ ನಂಬರ್‌ಗೆ ಡಯಲ್ ಮಾಡುವ ವೈರಸ್ ಇತ್ತು. ಅದು ಈಗ ಬ್ರಾಡ್‌ಬ್ಯಾಂಡ್‌ನಲ್ಲಿ ಆಗುವುದಿಲ್ಲ, ಡಯಲ್ ಮಾಡುವ ಕೆಲಸವೇ ಇಲ್ಲವಲ್ಲ.

ಗುತ್ತಲು_ರಸ್ತೆ:

ನಮ್ಮದು ಇನ್ನೂ ತಾಮ್ರದ ಲೈನು ಇದ್ದಾಗ ಹೀಗೇ ಆಗಿತ್ತು ಅಕ್ಕ. ಬೀದಿ ಕಂಬದ ಡಬ್ಬಿಯ ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು, ಯಾರೋ ನಮ್ಮ ಜೋಡಿ ವೈರಿಗೆ ಕ್ಲಿಪ್ ಹಾಕಿ ಮಾತಾಡಿದ್ದರು. ನಾವು ಊರಹಬ್ಬಕ್ಕೆ ಹೋಗಿ ಮನೆಗೆ ಬೀಗ ಹಾಕಿದ್ದ ದಿನ ಕಾಲ್ ಹೋಗಿದ್ದರಿಂದ ಸಿಕ್ಕಿಬಿತ್ತು.

ನಾನು ಹೇಳಬೇಕಾದ್ದು ದೂರಿನ ಬಗ್ಗೆ. ಕಸ್ಟಮರ್ ಕೇರ್‌ನವರು ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ದೂರು ದಾಖಲು ಮಾಡಿಸಿ, ಡಾಕೆಟ್ ನಂಬರ್ (ದೂರಿನ ದಾಖಲೆ ಸಂಖ್ಯೆ) ಕೇಳಿ ಬರೆದುಕೊಳ್ಳಿ. ಆ ನಂಬರ್ ಇಲ್ಲದೆ ಮುಂದಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ಉತ್ತರ ಸಮಾಧಾನ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ಇದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ 2012ರ ನಿಯಮ, ಫೀಸ್ ಏನೂ ಇಲ್ಲ, 39 ದಿನದೊಳಗೆ ತೀರ್ಮಾನ ಕೊಡಬೇಕು. ಎಷ್ಟೋ ಜನ ನೇರ ಟ್ರಾಯ್‌ಗೇ ಬರೆದು ಕಾಯುತ್ತಾ ಕೂರುತ್ತಾರೆ, ಒಬ್ಬೊಬ್ಬರ ದೂರನ್ನು ಅವರು ವಿಚಾರಣೆ ಮಾಡುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, ಟೆಲಿಕಾಂ ಕಂಪನಿ ಮೇಲಿನ ದೂರು ಅಲ್ಲಿ ನಡೆಯುತ್ತದೆ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಗಡುವು ಮೀರಿ ಲೈನ್ ಕಟ್ ಆದರೆ ವಯಸ್ಸಾದವರಿಗೆ ಕಷ್ಟ, ಅದಕ್ಕೆ ಮಾಮೂಲಿ ಮೊತ್ತ ಕಟ್ಟಿಸಿಕೊಂಡು ತಕರಾರಿನ ಮೊತ್ತವನ್ನು ತಡೆಹಿಡಿಯಿರಿ ಅಂತ ದೂರಿನಲ್ಲೇ ಬರೆದು ಕೇಳಿ.

ಸರಸ್ವತಿಪುರಂ_ಮನೆ:

ಎಲ್ಲರಿಗೂ ಥ್ಯಾಂಕ್ಸ್. ವಿವರದ ಬಿಲ್ ಸಿಕ್ಕಿತು. ರಾತ್ರಿ ಕಾಲ್ ಒಂದೂ ಇಲ್ಲ, ಒಂದರ ಮೇಲೊಂದು ಬಿದ್ದಿರುವುದೂ ಇಲ್ಲ. ಎಲ್ಲ ಬೆಳಿಗ್ಗೆ ಏಳೂವರೆ ಎಂಟರ ಒಳಗೆ. ಹೆಚ್ಚಿನವು 00960ರಿಂದ ಶುರುವಾಗುವ ಒಂದೇ ನಂಬರ್‌ಗೆ, ಒಂದೊಂದು ನಿಮಿಷದ್ದು, ಕೆಲವು ಮೂರು ನಿಮಿಷ. ಒಂದೆರಡು ಮಾತ್ರ 00216 ಅಂತ ಬೇರೆ ಇವೆ. ಕೆಲಸದ ಹುಡುಗಿ ಬರುವುದೇ ಹತ್ತು ಗಂಟೆಗೆ! ಅಮ್ಮನಿಗೆ ಆ ಸಾಲುಗಳನ್ನು ತೋರಿಸಿದೆ, ಅವರು ಸುಮ್ಮನಾದರು.

960 ಮಾಲ್ಡೀವ್ಸ್ ಅಂತೆ. ಅಪ್ಪನಿಗೆ ಮಾಲ್ಡೀವ್ಸ್‌ನಲ್ಲಿ ಯಾರಿದ್ದಾರೆ?

ಹಳೇ_ಎಕ್ಸ್‌ಚೇಂಜ್ (ಮಂಡ್ಯ):

ಒಂದು ಪ್ರಶ್ನೆ. ಆ ವ್ಯಾಯಾಮದ ಹುಡುಗನ ಮೊಬೈಲ್ ನಂಬರ್ 960ರಿಂದ ಶುರುವಾಗುತ್ತದೆಯೇ ನೋಡಿ. ಬಿಲ್‌ನಲ್ಲಿರುವ ನಂಬರ್‌ನಿಂದ ಮೊದಲ ಎರಡು ಸೊನ್ನೆ ತೆಗೆದು ಪಕ್ಕಪಕ್ಕ ಇಟ್ಟು ಹೋಲಿಸಿ.

ಸರಸ್ವತಿಪುರಂ_ಮನೆ:

ಹೌದು ಸರ್!! ಒಂದು ಅಂಕಿಯೂ ಬಿಡದ ಹಾಗೆ ಅದೇ ನಂಬರ್. ಅಪ್ಪ ಬೆಳಿಗ್ಗೆ ಅವನಿಗೆ "ಇವತ್ತು ಎಷ್ಟು ಹೊತ್ತಿಗೆ ಬರ್ತೀಯಪ್ಪಾ" ಅಂತ ಕೇಳಲು ಫೋನ್ ಮಾಡುತ್ತಾರೆ. ಇದು ಹೇಗೆ ಆಯಿತು?

ಹಳೇ_ಎಕ್ಸ್‌ಚೇಂಜ್ (ಮಂಡ್ಯ):

2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಮಾಡುವಾಗ ಮುಂದೆ ಸೊನ್ನೆ ಹಾಕಲೇಬೇಕು ಅಂತ ಆಗಿದೆ. ಫೋನಿನ ಮೆಮೊರಿಯಲ್ಲಿ ಆ ಹುಡುಗನ ನಂಬರನ್ನು ಸೊನ್ನೆ ಸೇರಿಸಿಯೇ ಉಳಿಸಿರಬೇಕು. ಅಪ್ಪ ಅಭ್ಯಾಸಬಲದಿಂದ ತಾವೂ ಒಂದು ಸೊನ್ನೆ ಒತ್ತಿ ಆಮೇಲೆ ಮೆಮೊರಿ ಬಟನ್ ಒತ್ತುತ್ತಾರೆ. ಎರಡು ಸೊನ್ನೆ ಸೇರಿತು, ಎಕ್ಸ್‌ಚೇಂಜ್‌ಗೆ ಅದು ಐಎಸ್‌ಡಿ. ಲೈನಿನಲ್ಲಿ ಐಎಸ್‌ಡಿ ತೆರೆದೇ ಇತ್ತಲ್ಲ, ಕಾಲ್ ಹೊರಟೇಬಿಟ್ಟಿತು.

ಎಲ್ಲ ಮೊಬೈಲ್ ನಂಬರ್‌ಗೂ ಹೀಗಾಗುವುದಿಲ್ಲ. 94ರಿಂದ ಶುರುವಾದರೆ ಶ್ರೀಲಂಕಾ, 98 ಆದರೆ ಇರಾನ್, ಆದರೆ ಆ ದೇಶಗಳಿಗೆ ಇನ್ನೂ ಅಂಕಿ ಬೇಕು, ಸಾಲದೆ ಕಾಲ್ ಹೋಗುವುದಿಲ್ಲ. ಮಾಲ್ಡೀವ್ಸ್‌ಗೆ ಕೋಡ್ 960, ಆಮೇಲೆ ಏಳೇ ಅಂಕಿ. ಕೂಡಿಸಿದರೆ ಹತ್ತು. ನಮ್ಮ ಮೊಬೈಲ್ ನಂಬರೂ ಹತ್ತೇ. ಅಲ್ಲಿ ಯಾರೋ ಪಾಪ ಬೆಳಿಗ್ಗೆ ಬೆಳಿಗ್ಗೆ ಎತ್ತಿ ಹಲೋ ಅಂದಿದ್ದಾರೆ, ಇಲ್ಲಿ ಅಪ್ಪ ಕೇಳಿಸುತ್ತಿಲ್ಲ ಜೋರಾಗಿ ಮಾತಾಡಪ್ಪ ಅಂದಿದ್ದಾರೆ. ಅಪ್ಪನ ತಪ್ಪು ಅಂತ ದಯವಿಟ್ಟು ಹೇಳಬೇಡಿ, ಅವರಿಗೆ ಫೋನ್ ಮಾಡಲೇ ಭಯ ಹುಟ್ಟಿಬಿಡುತ್ತದೆ.

ಫೈಬರ್_ಹುಡುಗ:

ಸರ್, ಅದ್ಭುತ!

ಉಳಿದ 00216 ಟುನೀಷಿಯಾ. ಅದು ಬಹುಶಃ ಮಿಸ್ಡ್ ಕಾಲ್ ಮೋಸ. ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಾರೆ, ನಾವು ವಾಪಸ್ ಮಾಡಿದರೆ ದುಬಾರಿ ನಂಬರ್‌ಗೆ ಹೋಗುತ್ತದೆ, ಹಾಡೋ ರೆಕಾರ್ಡಿಂಗೋ ಹಾಕಿ ಹಿಡಿದಿಡುತ್ತಾರೆ. ಜಪಾನ್‌ನಲ್ಲಿ ಶುರುವಾದದ್ದರಿಂದ ವಾಂಗಿರಿ ಅಂತಲೇ ಹೆಸರು, ಒಂದು ರಿಂಗ್ ಕೊಟ್ಟು ಕಟ್ ಮಾಡುವುದು ಅಂತ ಅರ್ಥ. ನಿಮ್ಮ ಫೋನಿನ ಕಾಲರ್ ಐಡಿ ಪಟ್ಟಿಯಲ್ಲಿ ಅದೇ ನಂಬರ್ ಇದೆಯಾ ನೋಡಿ, ಇದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ, ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ಮೋಸದ ಕಾಲ್‌ಗಳಿಗೆಂದೇ ಇರುವ ಚಕ್ಷು ಪುಟದಲ್ಲೂ ವರದಿ ಮಾಡಿ.

ಗುತ್ತಲು_ರಸ್ತೆ:

ಅಂಥ ಕಾಲ್ ಎತ್ತಿದರೂ ದುಡ್ಡು ಹೋಗುತ್ತಾ? ವಾಟ್ಸಾಪ್‌ನಲ್ಲಿ ಹಾಗೆ ಓಡಾಡುತ್ತಿದೆ.

ಹಳೇ_ಎಕ್ಸ್‌ಚೇಂಜ್ (ಮಂಡ್ಯ):

ಇಲ್ಲಮ್ಮ. ಲ್ಯಾಂಡ್‌ಲೈನ್‌ಗೆ ಬರುವ ಕಾಲ್ ಮೊದಲಿನಿಂದಲೂ ಪುಕ್ಕಟೆ, 2003ರಿಂದ ನಮ್ಮಲ್ಲಿ ಮೊಬೈಲ್‌ಗೂ ಅಷ್ಟೇ. ಎತ್ತಿದರೆ ದುಡ್ಡು ಹೋಗುವುದಿಲ್ಲ, ವಾಪಸ್ ಮಾಡಿದರೆ ಮಾತ್ರ.

ತಡೆಯುವುದಕ್ಕೆ ಬರೋಣ. ಫೋನ್ ಸೆಟ್‌ಗೆ ಹಾಕುವ ಲಾಕ್ ನಂಬಬೇಡಿ. ಹಿಂದೆ ಡಯಲ್ ತಿರುಗಿಸುವ ಫೋನಿನ ಮೊದಲ ತೂತಿಗೆ ಪುಟ್ಟ ಬೀಗ ಹಾಕುತ್ತಿದ್ದರು, ಹುಡುಗರು ರಿಸೀವರ್ ಇಡುವ ಗುಂಡಿಯನ್ನೇ ಟಕಟಕ ಬಡಿದು ನಂಬರ್ ಹಚ್ಚುತ್ತಿದ್ದರು. ಲಾಕ್ ಇದ್ದದ್ದು ಸೆಟ್ಟಿಗೆ, ಲೈನಿಗಲ್ಲ. ಈಗಲೂ ಅಷ್ಟೇ, ಬೇರೆ ಸೆಟ್ ಸಿಕ್ಕಿಸಿದರೆ, ಮೋಡೆಮ್‌ಗೆ ಯಾರಾದರೂ ನುಗ್ಗಿದರೆ ಆ ಲಾಕ್ ಲೆಕ್ಕಕ್ಕಿಲ್ಲ. ಕಂಪನಿ ಕಡೆಯಿಂದಲೇ ಐಎಸ್‌ಡಿ ಪೂರ್ತಿ ಮುಚ್ಚಿಸಿ, 1900ರ ಪ್ರೀಮಿಯಂ ಕಾಲ್ ಕೂಡ ಮುಚ್ಚಿ ಅಂತ ಅರ್ಜಿಯಲ್ಲಿ ಬೇರೆಯಾಗಿ ಬರೆಯಿರಿ. ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಮುಚ್ಚಿದ ಮೇಲೆ ಅಕ್ಕನ ನಂಬರ್‌ಗೆ 00 ಹಾಕಿ ನೀವೇ ಮಾಡಿ ನೋಡಿ, ಹೋಗಬಾರದು. ಮುಚ್ಚಿದ್ದೇವೆ ಅಂತ ಅವರು ಹೇಳಿದರೆ ಸಾಲದು.

ಸರಸ್ವತಿಪುರಂ_ಮನೆ:

ಕಾಲರ್ ಐಡಿಯಲ್ಲಿ 00216 ನಂಬರ್ ಸಿಕ್ಕಿತು, ಬಂದ ಹೊತ್ತು ಬಿಲ್‌ನಲ್ಲಿರುವ ಕಾಲ್‌ಗಿಂತ ಸ್ವಲ್ಪ ಮುಂಚೆ. ಫೋಟೋ ತೆಗೆದು ದೂರಿಗೆ ಸೇರಿಸಿದ್ದೇನೆ, ಡಾಕೆಟ್ ನಂಬರ್ ಬಂದಿದೆ. ಮಾಲ್ಡೀವ್ಸ್ ಕಾಲ್‌ಗಳಿಗೆ ಮನ್ನಾ ಕೇಳಿಲ್ಲ, ಅವು ನಮ್ಮ ಮನೆಯಿಂದಲೇ ಹೋಗಿವೆ. ಮೆಮೊರಿ ನಂಬರುಗಳನ್ನೆಲ್ಲ ಒಂದು ಸೊನ್ನೆಯ ಜೊತೆ ಹೊಸದಾಗಿ ಹಾಕಿ, ಫೋನಿನ ಪಕ್ಕ "ಸೊನ್ನೆ ಒತ್ತುವುದು ಬೇಡ, ಬಟನ್ ಮಾತ್ರ" ಅಂತ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಐಎಸ್‌ಡಿ ಮುಚ್ಚುವ ಅರ್ಜಿಯನ್ನು ನಾಳೆ ನಾನೇ ಹೋಗಿ ಕೊಡುತ್ತೇನೆ.