ಆಕ್ಟಿನಿಕ್ ಕೆರಟೋಸಿಸ್ ಕ್ಯಾನ್ಸರ್ ಆಗುವುದೆಂದು ಬಯಾಪ್ಸಿಯಲ್ಲೇ ತಿಳಿಯಬಹುದೇ?

ಪ್ರಶ್ನೆ, ಪೆಥಾಲಜಿ ಸ್ನಾತಕೋತ್ತರ ವಿದ್ಯಾರ್ಥಿನಿ:
ಆಲ್ಬಿನಿಸಂ (ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹುಟ್ಟಿನಿಂದಲೇ ಇಲ್ಲದ ಅಥವಾ ತೀರಾ ಕಡಿಮೆ ಇರುವ ಸ್ಥಿತಿ) ಇರುವ ರೈತರೊಬ್ಬರ ಕೆನ್ನೆಯಿಂದ ತೆಗೆದ, ಬಿಸಿಲಿನ ಹಾನಿಯಿಂದ ಮೂಡುವ ಒರಟು ಮಚ್ಚೆಯಾದ ಆಕ್ಟಿನಿಕ್ ಕೆರಟೋಸಿಸ್‌ನಲ್ಲಿ ಪಿ53 (ಕೋಶ ವಿಭಜನೆಗೆ ಕಡಿವಾಣ ಹಾಕುವ ಪ್ರೋಟೀನ್) ಬಣ್ಣ ಹೊರಚರ್ಮದ ತಳದ ಪದರದಿಂದ ಮೇಲಿನವರೆಗೂ ಗಾಢವಾಗಿ ಹಿಡಿದಿದೆ. ಇದು ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರಿಗೆ ತಿರುಗುವ ಸಂಭವ ಹೆಚ್ಚೆಂದು ವರದಿಯಲ್ಲಿ ಬರೆಯಬಹುದೇ?

ಉತ್ತರ, ಪೆಥಾಲಜಿ ಬೋಧಕರು:
ದಯವಿಟ್ಟು ಬರೆಯಬೇಡಿ. ಅತಿನೇರಳೆ ಕಿರಣಗಳಿಂದ ಪಿ53 ಪ್ರೋಟೀನ್ ತಯಾರಿಸುವ ಸೂಚನೆಯುಳ್ಳ ಟಿಪಿ53 ಜೀನ್‌ನಲ್ಲಿ ಆಗುವ ಬದಲಾವಣೆಗಳು, ಅದರಲ್ಲೂ ಡಿಎನ್ಎ ಅಕ್ಷರಗಳಲ್ಲಿ ಸೈಟೊಸಿನ್ ಇದ್ದ ಜಾಗದಲ್ಲಿ ಥೈಮಿನ್ ಬಂದು ಕೂರುವಂಥವು, ಕ್ಯಾನ್ಸರಿನಲ್ಲಷ್ಟೇ ಅಲ್ಲದೆ ಕೆರಟೋಸಿಸ್‌ನಲ್ಲೂ, ಬಿಸಿಲಿಗೆ ಒಡ್ಡಿಕೊಂಡ ಆದರೆ ನೋಡಲು ಸಹಜವಾಗಿಯೇ ಇರುವ ಚರ್ಮದಲ್ಲೂ ಸಿಗುತ್ತವೆ; ಆದ್ದರಿಂದ ಪಿ53 ಬಿಸಿಲಿನ ಹಾನಿಗೆ ಸಾಕ್ಷಿಯೇ ಹೊರತು ಭವಿಷ್ಯವಾಣಿಯಲ್ಲ. ಕೆಐ-67 ಎಂಬ ಇನ್ನೊಂದು ಬಣ್ಣ ಕೂಡ ಕೋಶಗಳು ವಿಭಜನೆಯಲ್ಲಿ ತೊಡಗಿವೆ ಎಂದಷ್ಟೇ ಹೇಳುತ್ತದೆ. ಒಂದೊಂದೇ ಕೆರಟೋಸಿಸ್ ಮಚ್ಚೆಯನ್ನು ತೆಗೆದುಕೊಂಡರೆ ಅದು ಕ್ಯಾನ್ಸರ್ ಆಗುವ ಸಂಭವ ಕಡಿಮೆ, ಎಷ್ಟೋ ತಾವಾಗಿಯೇ ಮಾಯುತ್ತವೆ.

ಇನ್ನಷ್ಟು ಬಣ್ಣಗಳಿಗೆ ಖರ್ಚು ಮಾಡುವ ಬದಲು ಮೊದಲಿನ ಎಚ್ ಅಂಡ್ ಇ (ಹೆಮಟಾಕ್ಸಿಲಿನ್, ಇಯೋಸಿನ್ ಎಂಬ ಸಾಮಾನ್ಯ ಬಣ್ಣಗಳ) ಸ್ಲೈಡನ್ನೇ ಮತ್ತೊಮ್ಮೆ ನೋಡಿ. ತಳದ ಕೋಶಗಳು ಹೊರಚರ್ಮದ ಕೆಳಗಿನ ಡರ್ಮಿಸ್‌ನೊಳಕ್ಕೆ ಮೊಗ್ಗಿನಂತೆ ಚಾಚಿವೆಯೇ, ಕೂದಲ ಬುಡದ ಉದ್ದಕ್ಕೂ ಇಳಿದಿವೆಯೇ ಎಂಬುದನ್ನು ವರದಿಯಲ್ಲಿ ನಮೂದಿಸಿ, ಏಕೆಂದರೆ ಅಸಹಜತೆ ತಳದಲ್ಲಷ್ಟೇ ಇರುವ ಕೆರಟೋಸಿಸ್‌ನಿಂದಲೂ ಆಕ್ರಮಣಕಾರಿ ಕ್ಯಾನ್ಸರ್ ನೇರವಾಗಿ ಹುಟ್ಟಬಲ್ಲದು.

ಉತ್ತರ, ಚರ್ಮರೋಗ ತಜ್ಞರು:
ಮೇಲಿನ ಮಾತಿಗೆ ನನ್ನ ಸಹಮತವಿದೆ. ಮೆಲನಿನ್ ರಕ್ಷಣೆಯೇ ಇಲ್ಲದ ಈ ರೋಗಿಯಲ್ಲಿ ಬಯಾಪ್ಸಿಯ ತುಣುಕಿಗಿಂತ ಇಡೀ ಮುಖ, ಕಿವಿ, ತುಟಿಗಳ ತಪಾಸಣೆ ಮುಖ್ಯ. ಮಚ್ಚೆ ಗಟ್ಟಿಯಾದರೆ, ಮುಟ್ಟಿದಾಗ ನೋವಾದರೆ, ರಕ್ತ ಒಸರಿದರೆ ಅಥವಾ ಬೇಗ ಬೆಳೆದರೆ ಆಳವಾದ ಬಯಾಪ್ಸಿಯನ್ನು ಮತ್ತೆ ತೆಗೆಯಲೇಬೇಕು.